ನೋವು ನಿಂತ ದಿನವೇ ಗಾಯ ಮಾಯ್ದಿರಲ್ಲ: ಪೈಲ್ಸ್ ಪ್ರೊಸೀಜರ್ ಆದ ಮೇಲೆ ವಾಕಿಂಗ್, ಜಿಮ್, ಓಟ

ಇವತ್ತಿನದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಮಾತಾಡದ ವಿಷಯ. ಪೈಲ್ಸ್, ಅಂದ್ರೆ ಮೂಲವ್ಯಾಧಿ. ಅದು ಯಾಕೆ ಬರತ್ತೆ, ಏನು ತಿನ್ನಬಾರದು ಅನ್ನೋದರ ಬಗ್ಗೆ ವಿಡಿಯೋಗಳು ಬೇಕಾದಷ್ಟಿವೆ. ನಾನು ಮಾತಾಡ್ತಿರೋದು ಅದರ ಮುಂದಿನ ಭಾಗ. ಪ್ರೊಸೀಜರ್ ಮುಗೀತು, ಡಿಸ್ಚಾರ್ಜ್ ಆಗಿ ಮನೆಗೆ ಬಂದ್ರಿ. ಇನ್ನು ವಾಕಿಂಗ್ ಯಾವಾಗ? ಜಿಮ್ ಯಾವಾಗ? ಓಟ ಯಾವಾಗ?

ಈ ಪ್ರಶ್ನೆ ನಮ್ಮಂಥವರಿಗೆ ಯಾಕೆ ಮುಖ್ಯ ಅಂದ್ರೆ, ನಾವು ದಿನಕ್ಕೆ ಒಂಬತ್ತು-ಹತ್ತು ಗಂಟೆ ಕುರ್ಚಿಯಲ್ಲಿ ಕೂರೋ ಜನ. ಬಿಕೆಸಿ, ಸೀಪ್ಝ್, ಐರೋಲಿಯಲ್ಲಿ ಕೆಲಸ, ದಾದರ್-ಮಾಟುಂಗಾ ಕಡೆ ಬಾಡಿಗೆ ರೂಮು. ಸಾಕಷ್ಟು ಜನಕ್ಕೆ ಜಿಮ್ ಮೆಂಬರ್‌ಶಿಪ್ ಇದೆ, ಕೆಲವರು ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿರ್ತಾರೆ. ಪ್ರೊಸೀಜರ್ ಆಗಿ ವಾರ ಕಳೆಯೋದರೊಳಗೆ ಕಾಲು ಕಡಿಯೋಕೆ ಶುರುವಾಗತ್ತೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ, ಹೆದರಿ ಹದಿನೈದು ದಿನ ಹಾಸಿಗೆ ಬಿಟ್ಟೇ ಏಳಲ್ಲ. ಎರಡರಿಂದಲೂ ತೊಂದರೆ ಇದೆ.

ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ನನಗೂ ಈ ಪ್ರೊಸೀಜರ್ ಆಗಿದೆ. ಆಗ ಕೇಳಿ, ಓದಿ ತಿಳ್ಕೊಂಡಿದ್ದನ್ನ ಒಂದು ಕಡೆ ಜೋಡಿಸಿ ಹೇಳ್ತಿದ್ದೀನಿ. ಇಲ್ಲಿ ಹೇಳೋ ದಿನಗಳ ಲೆಕ್ಕಕ್ಕೂ ನಿಮ್ಮ ಸರ್ಜನ್ ಹೇಳಿದ್ದಕ್ಕೂ ವ್ಯತ್ಯಾಸ ಬಂದ್ರೆ, ಸರ್ಜನ್ ಮಾತೇ ಕೊನೆ. ನಿಮ್ಮ ಗಾಯ ನೋಡಿರೋದು ಅವರು.

ಮೊದಲು, ನಿಮಗೆ ಆಗಿರೋದು ಯಾವುದು?

‘ಪೈಲ್ಸ್ ಆಪರೇಷನ್ ಆಯ್ತು’ ಅಂತ ಎಲ್ಲರೂ ಒಂದೇ ಮಾತು ಹೇಳ್ತಾರೆ. ಆದರೆ ಆ ಒಂದು ಹೆಸರಿನ ಕೆಳಗೆ ನಾಲ್ಕೈದು ಬೇರೆ ಬೇರೆ ಕೆಲಸಗಳಿವೆ. ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ.

ರಬ್ಬರ್ ಬ್ಯಾಂಡ್: ಊದಿಕೊಂಡ ಗಡ್ಡೆಯ ಬುಡಕ್ಕೆ ಸಣ್ಣ ರಬ್ಬರ್ ಉಂಗುರ ಹಾಕ್ತಾರೆ. ರಕ್ತ ಸಿಗದೆ ಅದು ಬಾಡಿ ಕೆಲವು ದಿನಗಳಲ್ಲಿ ಉದುರಿಹೋಗತ್ತೆ. ಅಮೆರಿಕದ ಡಾ. ಬ್ಯಾರನ್ 1963ರಲ್ಲಿ ಇದನ್ನ ಬಳಕೆಗೆ ತಂದರು. ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸ್ತಾರೆ.

ಓಪನ್ ಸರ್ಜರಿ: ಗಡ್ಡೆಯನ್ನ ಕತ್ತರಿಸಿ ತೆಗೆದು, ಗಾಯವನ್ನ ಹೊಲಿಯದೆ ತಾನಾಗಿ ಮಾಯಲು ಬಿಡೋ ವಿಧಾನ. ಲಂಡನ್ನಿನ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ಪ್ರಕಟಿಸಿದ ಈ ಕ್ರಮ ಇವತ್ತಿಗೂ ಚಾಲ್ತಿಯಲ್ಲಿದೆ. ನೋವು ಹೆಚ್ಚು, ಪೂರ್ತಿ ಮಾಯೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಸ್ಟೇಪ್ಲರ್: ಇಟಲಿಯ ಲಾಂಗೋ 1998ರಲ್ಲಿ ಪರಿಚಯಿಸಿದ್ದು. ಹೊರಗೆ ಗಾಯ ಕಾಣಲ್ಲ, ಆದರೆ ಒಳಗೆ ಸುತ್ತಲೂ ಸ್ಟೇಪಲ್ ಸಾಲು ಇರತ್ತೆ.

ಲೇಸರ್: ಮುಂಬೈ ಲೋಕಲ್‌ನಲ್ಲೂ ಬೆಂಗಳೂರಿನ ಆಟೋ ಹಿಂದೆಯೂ ಇದರದೇ ಜಾಹೀರಾತು. ಹೊರಗಿನ ಗಾಯ ಚಿಕ್ಕದು, ಚೇತರಿಕೆ ಬೇಗ ಅನ್ನೋದು ನಿಜ. ಹಾಗಂತ ಒಳಗೆ ಗಾಯವೇ ಇಲ್ಲ ಅಂತ ಅಂದ್ಕೋಬೇಡಿ. ಬಿಸಿಯಿಂದ ಸುಟ್ಟು ಕುಗ್ಗಿಸಿದ ಜಾಗ ಅದು.

ಇನ್ನೊಂದು ಮಾತು. ಫಿಶರ್, ಫಿಸ್ಟುಲಾ ಎರಡೂ ಬೇರೆ ಕಾಯಿಲೆಗಳು. ಅವಕ್ಕೆ ಆಪರೇಷನ್ ಆಗಿದ್ರೆ ಈ ಲೆಕ್ಕ ಹಾಗೇ ಅನ್ವಯಿಸಲ್ಲ.

ಎರಡನೇ ವಾರದಲ್ಲೇ ಮೋಸ ಹೋಗೋದು

ಇವತ್ತಿನ ಮಾತಲ್ಲಿ ಒಂದೇ ಒಂದು ನೆನಪಿಡೋದಾದ್ರೆ ಇದನ್ನ ನೆನಪಿಡಿ.

ಗುದದ್ವಾರದ ಒಳಗೆ ಒಂದು ಗೆರೆ ಇದೆ. ಅದರ ಕೆಳಗಿನ ಚರ್ಮಕ್ಕೆ ಬೆರಳ ತುದಿಯಷ್ಟೇ ಚುರುಕಾಗಿ ನೋವು ಗೊತ್ತಾಗತ್ತೆ. ಮೇಲಿನ ಭಾಗಕ್ಕೆ ಆ ಥರದ ನೋವಿನ ನರಗಳಿಲ್ಲ. ರಬ್ಬರ್ ಬ್ಯಾಂಡ್ ಹಾಕೋದು ಆ ಮೇಲಿನ ಭಾಗಕ್ಕೆ. ಹಾಗಾಗಿ ಒಂದೆರಡು ದಿನ ಭಾರ ಭಾರ ಅನ್ನಿಸಿ ಆಮೇಲೆ ಏನೂ ಗೊತ್ತಾಗಲ್ಲ. ನೀವು ‘ಎಲ್ಲ ಸರಿಹೋಯ್ತು’ ಅಂದ್ಕೊಂಡಿರ್ತೀರ. ಅಷ್ಟರಲ್ಲಿ ಒಳಗೆ ಬಾಡಿದ ಗಡ್ಡೆ ಉದುರಿ ಅಲ್ಲೊಂದು ಹಸಿ ಗಾಯ ಉಳಿದಿರತ್ತೆ.

ಓಪನ್ ಸರ್ಜರಿಯಲ್ಲಿ ಮೊದಲ ವಾರ ನೋವೇ ನಿಮ್ಮನ್ನ ಕಟ್ಟಿಹಾಕತ್ತೆ. ಎರಡನೇ ವಾರಕ್ಕೆ ನೋವು ಇಳೀತಾ ಬರತ್ತೆ, ಮೈಗೆ ಹುಮ್ಮಸ್ಸು ಬರತ್ತೆ. ಆದರೆ ತಡವಾಗಿ ಆಗುವ ರಕ್ತಸ್ರಾವ ಸಾಮಾನ್ಯವಾಗಿ ಕಾಣಿಸ್ಕೊಳ್ಳೋದು 7ರಿಂದ 14ನೇ ದಿನದ ನಡುವೆಯೇ. ಎಲ್ಲರಿಗೂ ಆಗಲ್ಲ, ಕೆಲವರಿಗೆ ಮಾತ್ರ. ಆದರೆ ಆದಾಗ ಜೋರಾಗಿಯೇ ಆಗಬಹುದು. ಅಂದ್ರೆ ‘ಇನ್ನು ಜಿಮ್‌ಗೆ ಹೋಗಬಹುದು’ ಅಂತ ಮನಸ್ಸು ಹೇಳೋ ದಿನಗಳೂ, ಗಾಯ ಕಿತ್ತುಬರೋ ಸಾಧ್ಯತೆ ಹೆಚ್ಚಿರೋ ದಿನಗಳೂ ಒಂದರ ಮೇಲೊಂದು ಬರ್ತವೆ. ಅದಕ್ಕೇ ಹೇಳ್ತಿರೋದು, ನೋವನ್ನ ಮೀಟರ್ ಮಾಡ್ಕೋಬೇಡಿ, ಕ್ಯಾಲೆಂಡರ್ ನೋಡಿ.

ಅಮೆರಿಕದ ಬೇಸ್‌ಬಾಲ್ ಆಟಗಾರ ಜಾರ್ಜ್ ಬ್ರೆಟ್ ಅವರದೊಂದು ಪ್ರಸಿದ್ಧ ಕಥೆ ಇದೆ. 1980ರ ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯದ ಮಧ್ಯೆ ಪೈಲ್ಸ್ ನೋವಿಗೆ ಆಟ ಬಿಟ್ಟು ಹೋದರು. ಸಣ್ಣದೊಂದು ಶಸ್ತ್ರಚಿಕಿತ್ಸೆ ಮಾಡಿಸ್ಕೊಂಡು ಮೂರನೇ ಪಂದ್ಯಕ್ಕೇ ಬಂದು ಹೋಮ್ ರನ್ ಹೊಡೆದರು. ‘ಅವನು ಆಡಲಿಲ್ವಾ, ನಾನ್ಯಾಕೆ ಓಡಬಾರದು’ ಅನ್ನೋರಿಗೆ ಕಥೆಯ ಉಳಿದರ್ಧವನ್ನೂ ಹೇಳಬೇಕು: 1981ರಲ್ಲಿ ಅವರು ಅದೇ ಕಾಯಿಲೆಗೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸ್ಕೋಬೇಕಾಯ್ತು.

ಹೊಟ್ಟೆಯೊಳಗಿನ ಒತ್ತಡದ ಲೆಕ್ಕ

ಗಾಯಕ್ಕೆ ತೊಂದರೆ ಕೊಡೋದು ಮೂರು. ಒಂದು, ಮೇಲಿಂದ ಬೀಳೋ ಒತ್ತಡ. ಎರಡು, ಚರ್ಮ ಎಳೆದಂತಾಗೋದು. ಮೂರು, ಉಜ್ಜಾಟ ಮತ್ತು ಬೆವರು. ಯಾವುದೇ ವ್ಯಾಯಾಮವನ್ನ ಈ ಮೂರರ ಮೇಲೆ ಇಟ್ಟು ನೋಡಿದ್ರೆ ಮಾಡಬಹುದಾ ಬೇಡವಾ ಅಂತ ನಿಮಗೇ ತಿಳಿಯತ್ತೆ.

ಒತ್ತಡದ ವಿಷಯಕ್ಕೆ ಒಂದು ಅಳತೆ ಸಿಗತ್ತೆ. 2005ರಲ್ಲಿ ಅಮೆರಿಕದಲ್ಲಿ 20 ಜನ ಆರೋಗ್ಯವಂತ ಯುವಕ ಯುವತಿಯರ ಹೊಟ್ಟೆಯೊಳಗಿನ ಒತ್ತಡವನ್ನ ಬೇರೆ ಬೇರೆ ಭಂಗಿಗಳಲ್ಲಿ ಅಳೆದರು. ಕೂತಾಗ ಸರಾಸರಿ ಸುಮಾರು 17 ಮಿ.ಮೀ. ಪಾದರಸ, ನಿಂತಾಗ 20. ಕೆಮ್ಮಿದಾಗ ಸುಮಾರು 108. ನಿಂತಲ್ಲೇ ಜಿಗಿದಾಗ 171. ಅದೇ ಅಳತೆಯಲ್ಲಿ, ನಾಲ್ಕೂವರೆ ಕೆ.ಜಿ. ತೂಕವನ್ನ ಮೊಣಕಾಲು ಬಗ್ಗಿಸಿ ಎತ್ತಿದಾಗ ಒತ್ತಡ ಅಷ್ಟೇನೂ ಏರಲಿಲ್ಲ.

ಇದರಿಂದ ತಿಳಿಯೋದು ಏನು? ನಿಂತು ನಡೆಯೋದು ಸೌಮ್ಯ. ಜಿಗಿತ ಜೋರು. ಹಗ್ಗದಾಟ, ಬರ್ಪಿ, ಝುಂಬಾ ಎಲ್ಲ ಮುಂದಕ್ಕೆ ಹಾಕಿ. ಕೆಮ್ಮು, ಸೀನು ಇದ್ರೆ ಅದಕ್ಕೂ ಔಷಧಿ ಕೇಳಿ. ಇನ್ನು ಜಿಮ್‌ನಲ್ಲಿ ಭಾರ ಎತ್ತುವಾಗ ಉಸಿರು ಬಿಗಿಹಿಡಿದು ‘ಹೂಂ’ ಅಂತ ತಿಣುಕೋದು, ಟಾಯ್ಲೆಟ್‌ನಲ್ಲಿ ಕೂತು ತಿಣುಕೋದು, ದೇಹಕ್ಕೆ ಎರಡೂ ಒಂದೇ. ಗಂಟಲು ಮುಚ್ಚಿ ಹೊಟ್ಟೆ ಬಿಗಿದಾಗ ಒತ್ತಡವೆಲ್ಲ ಕೆಳಗಿಳಿಯತ್ತೆ. ಭಾರ ಎಷ್ಟು ಅನ್ನೋದಕ್ಕಿಂತ ಉಸಿರು ಕಟ್ಟಿತಾ ಅನ್ನೋದನ್ನ ಮೊದಲು ಗಮನಿಸಿ.

ವಾರದ ಲೆಕ್ಕದಲ್ಲಿ

ಕೆಳಗಿನದು ಓಪನ್ ಸರ್ಜರಿ ಆದವರಿಗೆ. ಬೇರೆಯವರದನ್ನ ಕೊನೆಯಲ್ಲಿ ಹೇಳ್ತೀನಿ.

ಮೊದಲ 2 ದಿನ: ಒಂದೆರಡು ಗಂಟೆಗೊಮ್ಮೆ ಎದ್ದು ಮನೆಯೊಳಗೇ ನಾಲ್ಕು ಹೆಜ್ಜೆ ಓಡಾಡಿ. ಮಲಗಿದ್ದಾಗ ಪಾದಗಳನ್ನ ಮೇಲೆ ಕೆಳಗೆ ಆಡಿಸಿ, ಕಾಲಿನಲ್ಲಿ ರಕ್ತ ಹರಿದಾಡ್ತಿರಲಿ. ಏಳುವಾಗ ನೇರ ಎದ್ದು ಕೂರಬೇಡಿ, ಮಗ್ಗುಲಿಗೆ ಹೊರಳಿ ಕೈ ಊರಿ ಏಳಿ. ದಿನಕ್ಕೆ ಮೂರ್ನಾಲ್ಕು ಸಲ ಐದು ನಿಮಿಷ ಹೊಟ್ಟೆಯಿಂದ ಉಸಿರಾಡಿ: ಉಸಿರು ಒಳಗೆ ಬರುವಾಗ ಹೊಟ್ಟೆ ಉಬ್ಬಲಿ, ಕೆಳಗಿನ ಸ್ನಾಯು ಸಡಿಲವಾಗಲಿ. ನೋವಿಗೆ ಆ ಸ್ನಾಯು ಬಿಗಿಯಾಗತ್ತೆ, ಬಿಗಿಯಾದಷ್ಟೂ ನೋವು. ಆ ಸುತ್ತನ್ನ ಮುರಿಯೋಕೆ ಇದು.

3ರಿಂದ 7ನೇ ದಿನ: ಸಮತಟ್ಟು ಜಾಗದಲ್ಲಿ 5-10 ನಿಮಿಷ ನಡಿಗೆ, ದಿನಕ್ಕೆ ಎರಡು ಮೂರು ಸಲ. ದಾದರ್‌ನಲ್ಲಿರೋರಿಗೆ ಶಿವಾಜಿ ಪಾರ್ಕ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮರದ ನೆರಳು, ಸುತ್ತಲೂ ಕಟ್ಟೆ, ಒಂದು ಸುತ್ತು ಸುಮಾರು 1.2 ಕಿ.ಮೀ. ಈ ವಾರ ಪೂರ್ತಿ ಸುತ್ತು ಹಾಕೋ ಹಟ ಬೇಡ. ಹೋದಷ್ಟೇ ದೂರ ವಾಪಸ್ ಬರಬೇಕು ಅನ್ನೋದು ನೆನಪಿರಲಿ. ಹಿಂದೂ ಕಾಲೋನಿ ಕಡೆಯವರಿಗೆ ಫೈವ್ ಗಾರ್ಡನ್ಸ್ ಇದೆ.

ಎರಡನೇ ವಾರ: ನಡಿಗೆ 15-20 ನಿಮಿಷಕ್ಕೆ ಏರಿಸಿ. ಅಷ್ಟೇ. ಬೇರೇನೂ ಬೇಡ. ಯಾಕೆ ಅಂತ ಆಗಲೇ ಹೇಳಿದ್ದೀನಿ.

3-4ನೇ ವಾರ: ಸರ್ಜನ್ ಒಮ್ಮೆ ನೋಡಿ ಸರಿ ಅಂದ ಮೇಲೆ, 30 ನಿಮಿಷ ಚುರುಕು ನಡಿಗೆ. ಭುಜ, ಕುತ್ತಿಗೆ, ಸೊಂಟದ ಹಗುರ ಸ್ಟ್ರೆಚ್. ಬೇಕಾದ್ರೆ ನಿಂತುಕೊಂಡೇ 1-2 ಕೆ.ಜಿ. ಡಂಬೆಲ್.

5-6ನೇ ವಾರ: ಗೋಡೆಗೆ ಕೈ ಊರಿ ಪುಶ್‌ಅಪ್, ಅರ್ಧ ಬಸ್ಕಿ, ನಿಧಾನ ಜಾಗಿಂಗ್. ಪೂರ್ತಿ ಕೆಳಗಿಳಿಯೋ ಬಸ್ಕಿ ಆ ಜಾಗದ ಚರ್ಮವನ್ನ ಎಳೆಯತ್ತೆ, ಅದನ್ನ ಇನ್ನಷ್ಟು ದಿನ ಬಿಡಿ.

6 ವಾರದ ನಂತರ: ಮೊದಲು ಎತ್ತುತ್ತಿದ್ದ ಭಾರದ ಅರ್ಧಕ್ಕಿಂತ ಕಡಿಮೆಯಿಂದ ಶುರು. ಎತ್ತುವಾಗ ಉಸಿರು ಹೊರಗೆ. ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಡೆಡ್‌ಲಿಫ್ಟ್, ಭಾರದ ಸ್ಕ್ವಾಟ್, ಲೆಗ್ ಪ್ರೆಸ್ ಮೂರೂ ಪಟ್ಟಿಯ ಕೊನೆಯಲ್ಲಿರಲಿ. ಉದ್ದ ಓಟವೂ ಹಾಗೇ. ನವೆಂಬರ್ ಕೊನೆಯಲ್ಲಿ ಓಪನ್ ಸರ್ಜರಿ ಆಗಿದ್ರೆ ಜನವರಿಯ ಮ್ಯಾರಥಾನ್ ಈ ಸಲ ಬಿಡಿ. ಬಿಬ್ ಮುಂದಿನ ವರ್ಷವೂ ಸಿಗತ್ತೆ.

ರಬ್ಬರ್ ಬ್ಯಾಂಡ್ ಆದವರು ಮರುದಿನದಿಂದಲೇ ನಡೆಯಬಹುದು, ಆದರೆ ಭಾರ ಎತ್ತೋದು, ಓಟ, ಜಿಗಿತ ಎರಡು ವಾರ ಬೇಡ. ಸ್ಟೇಪ್ಲರ್ ಮತ್ತು ಲೇಸರ್ ಆದವರ ಚೇತರಿಕೆ ಇವೆರಡರ ಮಧ್ಯೆ ಎಲ್ಲೋ ಇರತ್ತೆ. ಎಷ್ಟು ವಾರ ಅಂತ ನಿಮ್ಮ ಸರ್ಜನ್ ಹತ್ರ ಸಂಖ್ಯೆಯನ್ನೇ ಕೇಳಿ. ‘ಸ್ವಲ್ಪ ದಿನ ರೆಸ್ಟ್ ತಗೊಳ್ಳಿ’ ಅನ್ನೋ ಉತ್ತರಕ್ಕೆ ಸುಮ್ಮನಾಗಬೇಡಿ. ‘5 ಕೆ.ಜಿ. ಯಾವಾಗ ಎತ್ತಬಹುದು, ಓಟ ಯಾವಾಗ, ಬೈಕ್ ಯಾವಾಗ’ ಅಂತ ಒಂದೊಂದಾಗಿ ಕೇಳಿ ಬರ್ಕೊಳ್ಳಿ.

ಪ್ರತಿ ಹಂತಕ್ಕೂ ಎರಡು ಪರೀಕ್ಷೆ ಇಟ್ಕೊಳ್ಳಿ. ಮೊದಲನೆಯದು, ವ್ಯಾಯಾಮ ಮಾಡ್ತಾ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗತ್ತಾ? ಆಗದಿದ್ರೆ ಉಸಿರು ಕಟ್ಟುತ್ತಿದೆ ಅಂತ ಅರ್ಥ. ಎರಡನೆಯದು, ಮಾರನೇ ಬೆಳಗ್ಗೆ ಮೋಷನ್ ಆದಾಗ ಹೊಸ ರಕ್ತ ಅಥವಾ ಹೊಸ ನೋವು ಇದೆಯಾ? ಇದ್ರೆ ಹಿಂದಿನ ಹಂತಕ್ಕೆ ರೋಲ್‌ಬ್ಯಾಕ್, ಎರಡು ಮೂರು ದಿನ ಅಲ್ಲೇ ಇರಿ. ರಕ್ತ ಮತ್ತೆ ಮತ್ತೆ ಕಂಡ್ರೆ ಸರ್ಜನ್‌ಗೆ ಫೋನ್ ಮಾಡಿ.

ಯೋಗ, ಈಜು, ಸೈಕಲ್

ಯೋಗ ಅಂದ ತಕ್ಷಣ ಸೌಮ್ಯ ಅಂತ ನಾವು ಅಂದ್ಕೊಂಡುಬಿಡ್ತೀವಿ. ಕಪಾಲಭಾತಿ, ಭಸ್ತ್ರಿಕಾ, ನೌಲಿ, ಮಯೂರಾಸನ, ನಾವಾಸನ ಎಲ್ಲವೂ ಹೊಟ್ಟೆಯ ಒತ್ತಡದ ಆಟಗಳೇ. ಮಾಲಾಸನ ಚರ್ಮವನ್ನ ಎಳೆಯತ್ತೆ. ಇವು ಆರು ವಾರ ಬೇಡ. ಅನುಲೋಮ-ವಿಲೋಮ, ಶವಾಸನ, ಗೋಡೆಗೆ ಕಾಲು ಚಾಚಿ ಮಲಗೋದು ಆಗಬಹುದು. ಕೀಗೆಲ್ ವ್ಯಾಯಾಮ ಮುಂದೆ ಒಳ್ಳೇದೇ, ಆದರೆ ಮೊದಲ ವಾರಗಳಲ್ಲಿ ಆ ಸ್ನಾಯುವನ್ನ ಬಿಗಿಯೋದಕ್ಕಿಂತ ಸಡಿಲಿಸೋದು ಮುಖ್ಯ. ಶುರು ಮಾಡೋ ದಿನವನ್ನ ಡಾಕ್ಟರ್ ಹೇಳಲಿ.

ಶಿವಾಜಿ ಪಾರ್ಕ್ ಹತ್ತಿರದ ಪಾಲಿಕೆಯ ಮಹಾತ್ಮಾ ಗಾಂಧಿ ಈಜುಕೊಳಕ್ಕೆ ಹೋಗೋರು, ಗಾಯ ಪೂರ್ತಿ ಮುಚ್ಚೋವರೆಗೆ ಹೋಗಬೇಡಿ. ಹಸಿ ಗಾಯಕ್ಕೆ ಕ್ಲೋರಿನ್ ಉರಿ ಒಂದು ಕಡೆ, ಸೋಂಕು ಇನ್ನೊಂದು ಕಡೆ. ಸೈಕಲ್ ಸೀಟು ನೇರವಾಗಿ ಅದೇ ಜಾಗಕ್ಕೆ ಒತ್ತತ್ತೆ, ಹಾಗಾಗಿ ಜಿಮ್‌ನ ಸೈಕಲ್ಲೂ ಆರು ವಾರ ಬೇಡ. ಮಳೆಗಾಲದ ಮುಂಬೈ ಗುಂಡಿಗಳಲ್ಲಿ ಬೈಕ್ ಓಡಿಸೋದೂ ಹಾಗೇ.

ಲೋಕಲ್ ಹತ್ತೋದೂ ವ್ಯಾಯಾಮವೇ

‘ನಾನು ಜಿಮ್‌ಗೆ ಹೋಗ್ತಿಲ್ಲ, ಬರೀ ಆಫೀಸಿಗೆ ಹೋಗ್ತಿದ್ದೀನಿ’ ಅನ್ನೋರು ದಾದರ್ ಸ್ಟೇಷನ್ ನೆನಪಿಸ್ಕೊಳ್ಳಿ. ವೆಸ್ಟರ್ನ್ ಲೈನ್‌ನಿಂದ ಸೆಂಟ್ರಲ್ ಲೈನ್‌ಗೆ ಸೇತುವೆ ಮೇಲೆ ಓಟ, ಬಾಗಿಲಲ್ಲಿ ನೂಕಾಟ, ನಿಲ್ಲೋ ಮುಂಚೆಯೇ ಗಾಡಿಯಿಂದ ಹಾರೋದು. ಆ 171ರ ಲೆಕ್ಕ ಇಲ್ಲೂ ಅನ್ವಯಿಸತ್ತೆ.

ಸಾಧ್ಯವಾದ್ರೆ ಮೊದಲ ಎರಡು ವಾರ ಮನೆಯಿಂದಲೇ ಕೆಲಸ ಕೇಳಿ. ಕಾರಣ ವಿವರಿಸೋ ಅಗತ್ಯ ಇಲ್ಲ, ‘ಸಣ್ಣ ಸರ್ಜರಿ’ ಅಂದ್ರೆ ಸಾಕು. ಹೋಗಲೇಬೇಕಾದ್ರೆ ರಶ್ ಇಲ್ಲದ ಹೊತ್ತು ನೋಡಿ. ಬಿಕೆಸಿ, ಸೀಪ್ಝ್ ಕಡೆಯವರಿಗೆ 2025ರಿಂದ ದಾದರ್‌ನಿಂದಲೇ ಅಕ್ವಾ ಲೈನ್ ಮೆಟ್ರೋ ಇದೆ, ಲಿಫ್ಟ್ ಇದೆ. ಲ್ಯಾಪ್‌ಟಾಪ್ ಬ್ಯಾಗಲ್ಲಿ ಚಾರ್ಜರ್, ನೀರು, ಡಬ್ಬ ಎಲ್ಲ ಸೇರಿಸಿ ತುಂಬಬೇಡಿ. ಆಫೀಸಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ.

ಊರಿಗೆ ಹೋಗಿ ಅಮ್ಮನ ಕೈ ಊಟ ಮಾಡ್ತಾ ರೆಸ್ಟ್ ತಗೊಳ್ತೀನಿ ಅನ್ನೋ ಪ್ಲಾನ್ ಇದ್ರೆ ಒಳ್ಳೇದೇ. ಆದರೆ ಎರಡನೇ ವಾರದ ಮಧ್ಯೆ ಶರಾವತಿಯನ್ನೋ ಚಾಲುಕ್ಯವನ್ನೋ ಹತ್ತಬೇಡಿ. ರಾತ್ರಿ ಓಡೋ ರೈಲಿನಲ್ಲಿ ರಕ್ತಸ್ರಾವ ಶುರುವಾದ್ರೆ ಮುಂದಿನ ದೊಡ್ಡ ಆಸ್ಪತ್ರೆ ಎಷ್ಟು ಹೊತ್ತಿಗೆ ಸಿಗತ್ತೋ. ಊರಲ್ಲೇ ಪ್ರೊಸೀಜರ್ ಮಾಡಿಸಿ, ಇಲ್ಲ ಎರಡು ವಾರ ಕಳೆದ ಮೇಲೆ ಹೊರಡಿ.

ಮೋಷನ್ ಸರಿ ಇಲ್ಲದಿದ್ರೆ ಯಾವ ವ್ಯಾಯಾಮವೂ ಉಪಯೋಗಕ್ಕಿಲ್ಲ

ಜಿಮ್‌ನಲ್ಲಿ ಎಷ್ಟೇ ಎಚ್ಚರ ವಹಿಸಿದ್ರೂ ಬೆಳಗ್ಗೆ ಟಾಯ್ಲೆಟ್‌ನಲ್ಲಿ ತಿಣುಕಿದ್ರೆ ಎಲ್ಲ ನೀರಲ್ಲಿ ಹೋಮ. ನಡಿಗೆಯಿಂದ ಕರುಳಿಗೂ ಚಲನೆ ಸಿಗತ್ತೆ, ನಾವು ನಡೆಯೋ ಒಂದು ಮುಖ್ಯ ಕಾರಣ ಅದೇ. ದಿನಕ್ಕೆ 25-30 ಗ್ರಾಂ ನಾರು, ಎರಡೂವರೆ ಲೀಟರ್ ಆಸುಪಾಸು ನೀರು. ಜೋಳದ ರೊಟ್ಟಿಗಾಗಿ ಕೊರಗಬೇಡಿ, ದಾದರ್‌ನ ಮರಾಠಿ ಖಾನಾವಳಿಗಳಲ್ಲಿ ಜ್ವಾರಿ ಭಾಕ್ರಿ ಅಂತ ಸಿಗೋದು ಅದೇ. ಜೊತೆಗೆ ಸೊಪ್ಪು, ಕಾಳು, ಪಪ್ಪಾಯಿ. ವಡಾ ಪಾವ್, ಮಿಸಳ್ ಸ್ವಲ್ಪ ದಿನ ದೂರ ಇರಲಿ. ಇಸಬಗೋಲು ತಗೊಂಡ್ರೆ ಜೊತೆಗೆ ಒಂದು ದೊಡ್ಡ ಲೋಟ ನೀರು ಕುಡೀಲೇಬೇಕು. ಇಲ್ಲದಿದ್ರೆ ಅದೇ ಗಟ್ಟಿ ಕಟ್ಟತ್ತೆ. ಟ್ರಾಮಡಾಲ್‌ನಂಥ ನೋವಿನ ಮಾತ್ರೆ ಮಲಬದ್ಧತೆ ತರತ್ತೆ, ಕೊಟ್ಟಿದ್ರೆ ಮೋಷನ್ ಸಡಿಲವಾಗೋ ಔಷಧಿಯನ್ನೂ ಕೇಳಿ.

ಕಮೋಡ್ ಮುಂದೆ ಸಣ್ಣ ಸ್ಟೂಲ್ ಇಟ್ಟು ಕಾಲು ಎತ್ತರಿಸಿ ಕೂರಿ. ಐದು ನಿಮಿಷದಲ್ಲಿ ಆಗದಿದ್ರೆ ಎದ್ದು ಬನ್ನಿ. ಫೋನ್ ಹೊರಗಿರಲಿ. 2025ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 125 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ, ಟಾಯ್ಲೆಟ್‌ಗೆ ಫೋನ್ ಒಯ್ಯೋರಲ್ಲಿ ಪೈಲ್ಸ್ ಸಾಧ್ಯತೆ 46% ಹೆಚ್ಚು ಕಂಡುಬಂತು. ಫೋನೇ ಕಾರಣ ಅಂತ ಅದು ಸಾಬೀತು ಮಾಡಲ್ಲ, ಆದರೆ ಕೂರೋ ಹೊತ್ತು ಉದ್ದ ಆಗೋದಂತೂ ನಿಜ. ವಾಕಿಂಗ್ ಮುಗಿಸಿ ಬಂದ ಮೇಲೆ, ಮೋಷನ್ ಆದ ಮೇಲೆ, ಉಗುರು ಬೆಚ್ಚಗಿನ ನೀರಿನ ಟಬ್‌ನಲ್ಲಿ 10-15 ನಿಮಿಷ ಕೂತ್ಕೊಳ್ಳಿ. ಆಮೇಲೆ ಒತ್ತಿ ಒರೆಸಿ, ಉಜ್ಜಬೇಡಿ. ಬೆವರಿದ ಬಟ್ಟೆ ತಕ್ಷಣ ಬದಲಿಸಿ.

ಯಾವಾಗ ಕಾಯಬಾರದು

ಮೋಷನ್ ಜೊತೆ ನಾಲ್ಕು ಹನಿ ರಕ್ತ ಮೊದಲ ವಾರಗಳಲ್ಲಿ ಸಾಮಾನ್ಯ. ಆದರೆ ಇವು ಸಾಮಾನ್ಯವಲ್ಲ: ನಿಲ್ಲದೆ ಹರಿಯೋ ರಕ್ತ, ಹೆಪ್ಪುಗಟ್ಟಿದ ರಕ್ತದ ಮುದ್ದೆಗಳು, ತಲೆ ಸುತ್ತು, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಮೂತ್ರ ಕಟ್ಟಿಕೊಳ್ಳೋದು, ದಿನದಿಂದ ದಿನಕ್ಕೆ ಏರೋ ನೋವು. ಜ್ವರ, ನೋವು, ಮೂತ್ರ ಕಟ್ಟೋದು ಮೂರೂ ಒಟ್ಟಿಗೆ ಬಂದ್ರೆ ಒಳಗೆ ಸೋಂಕು ಹರಡ್ತಿರಬಹುದು. ಅಪರೂಪ, ಆದರೆ ಅದಕ್ಕೆ ಒಂದು ರಾತ್ರಿಯೂ ಕಾಯಬಾರದು. ರಕ್ತ ತೆಳುಮಾಡೋ ಮಾತ್ರೆ ತಗೊಳ್ಳೋರು ಇನ್ನೂ ಎಚ್ಚರ.

ಜೋರು ರಕ್ತ ಬಂದ್ರೆ ಮಲಗಿ, ಶುಭ್ರ ಬಟ್ಟೆ ಒತ್ತಿಹಿಡಿಯಿರಿ, 108ಕ್ಕೆ ಕರೆ ಮಾಡಿ. ಬೈಕ್ ತೆಗೀಬೇಡಿ. ದಾದರ್‌ಗೆ ಪರೇಲ್‌ನ ಕೆಇಎಂ, ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ ಎರಡೂ ಹತ್ತಿರ, ಹಗಲು ರಾತ್ರಿ ತೆರೆದಿರ್ತವೆ. ಮರಾಠಿಯಲ್ಲಿ ಇದಕ್ಕೆ ‘ಮೂಳವ್ಯಾಧ್’, ಹಿಂದಿಯಲ್ಲಿ ‘ಬವಾಸೀರ್’. ಯಾವ ದಿನ ಏನು ಮಾಡಿಸಿದ್ರಿ ಅನ್ನೋ ಕಾಗದದ ಫೋಟೋ ಫೋನಲ್ಲಿರಲಿ. ಆರು ವಾರ ಕಳೆದ ಮೇಲೂ ರಕ್ತ ಕಾಣ್ತಿದ್ರೆ ‘ಹಳೇ ಪೈಲ್ಸೇ’ ಅಂತ ನೀವೇ ತೀರ್ಮಾನಿಸಬೇಡಿ, ಪರೀಕ್ಷೆ ಮಾಡಿಸಿ.

ಇನ್ನೊಂದು ಇದೆ, ಅದು ವ್ಯಾಯಾಮಕ್ಕಿಂತ ಮುಖ್ಯ. ಇಲ್ಲಿ ಒಂಟಿಯಾಗಿರೋ ನಮ್ಮ ಹುಡುಗರು, ಹುಡುಗಿಯರು ಊರಿಗೆ ‘ಜ್ವರ’ ಅಂತಾರೆ, ರೂಮ್‌ಮೇಟ್‌ಗೆ ‘ಬೆನ್ನುನೋವು’ ಅಂತಾರೆ. ನಾಚಿಕೆ ನನಗೂ ಅರ್ಥ ಆಗತ್ತೆ. ಆದರೆ ಹತ್ತನೇ ದಿನ ರಾತ್ರಿ ಎರಡು ಗಂಟೆಗೆ ಬಾತ್‌ರೂಮಿನಲ್ಲಿ ತಲೆ ಸುತ್ತಿದ್ರೆ, ಬಾಗಿಲಾಚೆ ಇರೋ ವ್ಯಕ್ತಿಗೆ ವಿಷಯ ಗೊತ್ತಿರಬೇಕು. ಒಬ್ಬರಿಗಾದರೂ ಹೇಳಿ. ಎರಡು ವಾರ ಬಾತ್‌ರೂಮಿನ ಚಿಲಕ ಹಾಕಬೇಡಿ.

ಯಾರಿಗಾದ್ರೂ ಇವತ್ತಿನ ಮಾತು ಉಪಯೋಗ ಆಗತ್ತೆ ಅನ್ನಿಸಿದ್ರೆ, ಗ್ರೂಪಿಗೆ ಹಾಕೋ ಬದಲು ಅವರಿಗೆ ಮಾತ್ರ ಕಳಿಸಿ. ಅವರಿಗೂ ಮುಜುಗರ ಆಗಲ್ಲ.